ಬೆನ್ನು ಮುರಿದವರಿಗೆ ಅಂಕ ಹಾಕಿದ್ದು

ಆಸ್ಪತ್ರೆಯಲ್ಲಿ ಕಾಂಪೌಂಡರ್ ಆದವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ನಗುವೇ ಚೀಟಿ ಹಿಡಿದು ನಿಂತಿರುತ್ತದೆ.

ಯುದ್ಧದ ಕಾಲ. ನಾನು ಕೋಲಾರದಲ್ಲಿದ್ದೆ. ಮರದಿಂದಲೋ ಮಾಳಿಗೆಯಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ನಮ್ಮಲ್ಲಿದ್ದು ಮನೆಗೆ ಹೋದ ಮೇಲೆ ಎಷ್ಟು ಸುಧಾರಿಸಿದರು ಅಂತ ನೋಡಿ, ಸ್ಕೂಲಿನ ಹಾಗೆ ಅಂಕ ಹಾಕಬೇಕು ಅಂತ ನಮ್ಮ ಡಾಕ್ಟರು ಒಂದು ಪುಸ್ತಕ ಶುರುಮಾಡಿದರು. ಕೂರುವುದಕ್ಕೆ ಇಷ್ಟು, ನಡೆಯುವುದಕ್ಕೆ ಇಷ್ಟು, ಸೂಜಿ ಚುಚ್ಚಿದರೆ ತಿಳಿಯುವುದಕ್ಕೆ ಇಷ್ಟು. ಬೆಂಗಳೂರಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅಂಕ ಕಡಿಮೆಯಾದರೆ ಬೆನ್ನಿನವರ ನಾಲ್ಕು ಮಂಚ ಜ್ವರದವರ ಪಾಲು.

ಅದರಲ್ಲೊಂದು ಮಂಚದಲ್ಲಿ ಮುಳಬಾಗಿಲಿನ ದರ್ಜಿ ಸಾಬರಿದ್ದರು. ಕಾಲು ಆಡುತ್ತಿರಲಿಲ್ಲ. ಕೈ ಊರದೆ ಕೂರುವುದನ್ನು ಆಗತಾನೇ ಕಲಿಯುತ್ತಿದ್ದರು. ಕೂತರೆ ಹೊಲಿಯಬಹುದು, ಹೊಲಿದರೆ ಮನೆ ನಡೆಯುತ್ತದೆ. ಈಗಲೇ ಮನೆಗೆ ಕಳಿಸಿದರೆ ಮಲಗಿದವರು ಮಲಗಿದ ಹಾಗೇ. ನನಗೆ ಅವರೆಂದರೆ ಬಹಳ ಇಷ್ಟ. ಅದಕ್ಕೇ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಊರೂರು ಅಲೆಯೋಕೆ ಒಪ್ಪಿಕೊಂಡೆ.

ಶ್ರೀನಿವಾಸಪುರದ ಸೊನ್ನೆ

ಮಾವಿನ ಮರದಿಂದ ಬಿದ್ದಿದ್ದವನು. ಬಸ್ಸಿಳಿದರೆ ಅವನೇ ಎತ್ತಿನಗಾಡಿ ಹೊಡೆದುಕೊಂಡು ಬಂದು ನನ್ನನ್ನು ಹತ್ತಿಸಿಕೊಂಡ. ನನಗೆ ಖುಷಿಯೋ ಖುಷಿ. ಮನೆ ಮುಟ್ಟಿದ್ದೇ ತಡ, ಅವನ ತಾಯಿ ಅವನನ್ನು ಇಳಿಸಿಕೊಂಡು ಹೋಗಿ ಮಲಗಿಸಿ, ಕುತ್ತಿಗೆವರೆಗೂ ಕಂಬಳಿ ಹೊದಿಸಿದರು.

"ಕೂರ್ತಾನೇನಮ್ಮಾ?" ಅಂದೆ.

"ಎಲ್ಲಿ ಕೂರ್ತಾನೆ ನಾಯ್ನಾ, ಬಿದ್ದಲ್ಲೇ ಬಿದ್ದವ್ನೆ."

"ಈಗ ಗಾಡೀಲಿ ನನ್ನ ಕರ್ಕೊಂಡು ಬಂದೋನು ಇವನೇ ಅಲ್ವಾ?"

"ಅದನ್ನೆಲ್ಲಾ ಪುಸ್ತಕದಲ್ಲಿ ಬರೀಬೇಡಿ. ನಾಲ್ಕು ಜನ ಓದ್ತಾರೆ, ದೃಷ್ಟಿ ಆಗುತ್ತೆ."

ರೋಗಿಯೋ ಮನೆಯವರೋ ಹೇಳಿದ್ದನ್ನೇ ಬರೆಯಬೇಕು ಅಂತ ಡಾಕ್ಟರ ಕಟ್ಟಪ್ಪಣೆ. ಸೊನ್ನೆ ಬರೆದುಕೊಂಡೆ. ಆ ಸೊನ್ನೆಯವನೇ ಮತ್ತೆ ಗಾಡಿ ಹೊಡೆದು ನನ್ನನ್ನು ಬಸ್ಸಿಗೆ ಬಿಟ್ಟ.

ಮಾಲೂರಿನ ನೂರಕ್ಕೆ ನೂರು

ಇಲ್ಲಿ ಇಟ್ಟಿಗೆ ಗೂಡಿನ ಮೇಲಿಂದ ಬಿದ್ದ ಯಜಮಾನರು. ಬಲು ಮರ್ಯಾದಸ್ತರು. ಆಸ್ಪತ್ರೆಯಿಂದ ಬಂದವರ ಮನಸ್ಸು ನೋಯಿಸಬಾರದು ಅಂತ ತೀರ್ಮಾನ ಮಾಡಿಕೊಂಡೇ ಮಲಗಿದ್ದರು.

"ನಡೀತೀರಾ?"

"ಧಾರಾಳವಾಗಿ. ಎಲ್ಲಾ ನಿಮ್ಮ ದಯೆ."

"ಎಲ್ಲಿ, ನಾಲ್ಕು ಹೆಜ್ಜೆ ನಡೀರಿ, ನೋಡೋಣ."

"ಮನೆಗೆ ಬಂದೋರನ್ನ ಬಿಟ್ಟು ಎದ್ದು ಹೋದ್ರೆ ಚೆನ್ನಾಗಿರುತ್ತಾ? ಮೊದಲು ಕಾಫಿ ತಗೊಳ್ಳಿ."

ಕಾಫಿ ಕುಡಿದು, ಅವರನ್ನು ಕಣ್ಣು ಮುಚ್ಚಿಸಿ, ಸೂಜಿ ತೆಗೆದೆ. "ಪಾದಕ್ಕೆ ಚುಚ್ಚಿದ್ದು ಗೊತ್ತಾಯ್ತಾ?"

"ಓಹೋ, ಚೆನ್ನಾಗಿ ಗೊತ್ತಾಯ್ತು. ಎಷ್ಟು ಹಗುರವಾದ ಕೈ ನಿಮ್ಮದು."

ನಾನಿನ್ನೂ ಚುಚ್ಚಿರಲಿಲ್ಲ.

ಕೋಲಾರದ ಮುಕ್ಕಾಲು ಗಂಟೆ

ಸಾಹೇಬರು ಬಂದರು. ಸ್ಥೂಲಕಾಯ, ಬಿಗಿಯಾದ ಪ್ಯಾಂಟು. ಪುಸ್ತಕ ಓದಿದರು. ಗಾಡಿ ಹೊಡೆಯುವವನಿಗೆ ಸೊನ್ನೆ, ಏಳಲಾರದವರಿಗೆ ನೂರು. "ಇದು ಅಂಕವೋ ಲಾಟರಿಯೋ?" ಅಂದರು. ನಮ್ಮ ಡಾಕ್ಟರ ಮುಖ ಸಣ್ಣದಾಯಿತು. ಮಂಚಗಳು ಹೋದವು ಅಂತಲೇ ನಾನು ಅಂದುಕೊಂಡೆ.

"ನಾನೇ ನೋಡ್ತೀನಿ," ಅಂತ ಸಾಹೇಬರು ದರ್ಜಿ ಸಾಬರ ಪಾದಕ್ಕೆ ಸೂಜಿ ಚುಚ್ಚಲು ಬಗ್ಗಿದರು. ಹಿಂದುಗಡೆ ಪ್ಯಾಂಟಿನ ಹೊಲಿಗೆ ಪರ್ರಂತ ಬಿಟ್ಟಿತು.

ಯಾರೂ ನಗಲಿಲ್ಲ. ಸರ್ಕಾರಿ ಕೆಲಸ.

"ಕೊಡಿ ಸಾಬ್," ಅಂದರು ದರ್ಜಿ ಸಾಬರು. ಸಾಹೇಬರು ಪರದೆ ಹಿಂದೆ ಹೋಗಿ, ಆಸ್ಪತ್ರೆ ದುಪ್ಪಟಿ ಸುತ್ತಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ನಾನು ಸಾಬರನ್ನು ಎತ್ತಿ ಕೂರಿಸಿ, ಗಾಯ ಹೊಲಿಯುವ ಸೂಜಿದಾರ ಕೊಟ್ಟೆ. ಪರೀಕ್ಷೆಗೆ ಕೂರಿಸಿದಾಗೆಲ್ಲ ಅವರು ಇಪ್ಪತ್ತು ಎಣಿಸುವುದರೊಳಗೆ ವಾಲುತ್ತಿದ್ದರು. ಈಗ ಎರಡು ಕೈಯಲ್ಲೂ ಪ್ಯಾಂಟು, ಊರುವುದಕ್ಕೆ ಕೈಯೇ ಇಲ್ಲ. ನಾನು ಪಕ್ಕದಲ್ಲೇ ಗಡಿಯಾರ ಹಿಡಿದು ನಿಂತೆ. ಐದು ನಿಮಿಷ. ಹತ್ತು ನಿಮಿಷ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಮನುಷ್ಯ ಮಾತ್ರ ವಾಲಲಿಲ್ಲ. ಸಾಹೇಬರು ಎದ್ದು ಹೋಗುವ ಹಾಗೂ ಇರಲಿಲ್ಲ.

ಪ್ಯಾಂಟು ಹಾಕಿಕೊಂಡ ಮೇಲೆ ಸಾಹೇಬರು ತಾವೇ ಬರೆದರು: "ಕೈ ಊರದೆ ಮುಕ್ಕಾಲು ಗಂಟೆ ಕೂತಿದ್ದ. ಖುದ್ದಾಗಿ ನೋಡಿದ್ದೇನೆ. ಮಂಚಗಳು ಇರಲಿ."

ಅವರ ಕಾರು ಹೋದ ಮೇಲೆ ಸಾಬರನ್ನು ಮಲಗಿಸುತ್ತಾ ಕೇಳಿದೆ, "ಅಲ್ಲ ಸಾಬ್ರೇ, ಗೇಣುದ್ದದ ಹೊಲಿಗೆಗೆ ಮುಕ್ಕಾಲು ಗಂಟೆ ಬೇಕಾ?"

"ಐದು ನಿಮಿಷದ ಕೆಲಸ ಕಾಂಪೌಂಡರ್ ಸಾಬ್," ಅಂದರು. "ನೀವು ಗಡಿಯಾರ ನೋಡ್ತಾನೇ ಇದ್ರಲ್ಲ, ಅದಕ್ಕೇ ಒಂಬತ್ತು ಸಲ ಬಿಚ್ಚಿ ಹೊಲಿದೆ."