ಏಕಾದಶಿಯ ದವಡೆಹಲ್ಲು

ಹಲ್ಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿರಲಿಲ್ಲ. ಸಿಂದಗಿಯ ಹೈಸ್ಕೂಲಿನಲ್ಲಿ ಆ ಪಾಠ ಹೇಳುವವನೇ ನಾನು! ಪ್ಲಾಸ್ಟರಿನ ದವಡೆಯೊಂದನ್ನು ಕೈಯಲ್ಲಿ ಹಿಡಿದು, "ಹಲ್ಲುನೋವನ್ನು ಅಲಕ್ಷಿಸುವವನು ಮೂರ್ಖ" ಎಂದು ವರ್ಷಗಟ್ಟಲೆ ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿದ್ದೇನೆ. ಮಕ್ಕಳು ಉತ್ಸಾಹದಿಂದ ಕೂಗುತ್ತಿದ್ದರು. ಯಾರ ಬಗ್ಗೆ ಕೂಗುತ್ತಿದ್ದಾರೆಂದು ಆಗ ನನಗೆ ತಿಳಿಯಲಿಲ್ಲ.

ನನ್ನ ಕೆಳದವಡೆಯ ಕಟ್ಟಕಡೆಯ ಹಲ್ಲು ಬಹಳ ದಿನದಿಂದ ಮಿಡಿಯುತ್ತಿತ್ತು. ಅದು ಬಾತುಕೊಳ್ಳಲು ಆರಿಸಿಕೊಂಡ ಮುಹೂರ್ತ ಮಾತ್ರ ಅಮೋಘ. ಅಂದು ದಶಮಿ. ದ್ವಾದಶಿಯ ದಿನ ನಮ್ಮ ಮಗಳು ಸುಧಾಳ ಮದುವೆಯ ಬೈಠಕ್ಕಿಗೆ ಮುದ್ದೇಬಿಹಾಳದಿಂದ ಗಂಡಿನವರು ಬರುವವರಿದ್ದರು. ಹುಡುಗ ಬಸವನ ಬಾಗೇವಾಡಿಯಲ್ಲಿ ಬ್ಯಾಂಕಿನ ನೌಕರ. ಹುಡುಗ, ಹುಡುಗಿ ನೋಡಿ ಒಪ್ಪಿಯಾಗಿತ್ತು. ಇನ್ನು ಹಿರಿಯರು ಕೂತು ಮಾತು ಮುಗಿಸಿ, ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಸಂಬಂಧ ಗಟ್ಟಿ.

ತೊಡಕು ಒಂದೇ. ಸುಧಾ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಇಂಜಿನಿಯರ್. ಗಂಡಿನ ಮನೆಯಲ್ಲಿ ಸೊಸೆಯರು ನೌಕರಿ ಮಾಡುವ ಪದ್ಧತಿಯೇ ಇಲ್ಲವೆಂಬ ಸುದ್ದಿ ನಮ್ಮ ಕಿವಿಗೆ ಬಿದ್ದಿತ್ತು.

"ಅಪ್ಪಾ, ಬೈಠಕ್ಕಿನಾಗ ನಾ ಬಾಯಿ ಹಾಕಬಾರದಂತ ಅವ್ವ ಹೇಳ್ಯಾಳ. ಅವ್ರು ನೌಕರಿ ಮಾತು ತೆಗದ್ರ ನೀ ಏನ್ ಹೇಳ್ತಿ?" ಎಂದು ಸುಧಾ ಕೇಳಿದಳು.

"ಬಿಡೂದಿಲ್ಲಂತ ಖಡಾಖಡಿ ಹೇಳ್ತೀನಿ! ನೀ ಸುಮ್ಮನ ಕೂಡು. ನನಗ ಬಾಯಿ ಎದಕ್ಕದ ಮತ್ತ?"

ಆ ಬಾಯಿ ಸಂಜೆಯ ಹೊತ್ತಿಗೆ ಒಂದು ಕಡೆ ಉಬ್ಬಿತು. ಹೆಂಡತಿ ಪದ್ಮಾ ಬೆನ್ನು ಹತ್ತಿ ಹಲ್ಲಿನ ಡಾಕ್ಟರ ಬಳಿ ಕಳಿಸಿದಳು. ಡಾಕ್ಟರು ನನ್ನ ಕೈಯಲ್ಲೇ ಕಲಿತ ಹುಡುಗಿ. ಹೀಗಾಗಿ ಅವಳು ನನ್ನ ಬಾಯಿ ಪರೀಕ್ಷಿಸುವಾಗ ನಾನು ಅವಳಿಗೆ ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದೆ.

"ಬೇರಿನಾಗ ಕೀವು ತುಂಬೈತ್ರಿ ಸರ್. ಗುಳಿಗಿ ಇವತ್ತಿಂದನ ಚಾಲೂ ಮಾಡ್ರಿ. ನಾಳೆ ಮುಂಜಾನೆ ಬರ್ರಿ, ಹಲ್ಲು ತಗದು ಬಿಡೋಣು. ಮತ್ತ ಇದನ್ನ ನೆನಪಿಡ್ರಿ. ಬಾವು ಗದ್ದದ ಕೆಳಗ ಇಳಿದ್ರ, ಜ್ವರ ಬಂದ್ರ, ಬಾಯಿ ತೆರೀಲಿಕ್ಕ ಬರದಿದ್ರ, ಉಗುಳು ನುಂಗಾಕ ತ್ರಾಸಾದ್ರ ನನ್ನ ಹಾದಿ ಕಾಯಬ್ಯಾಡ್ರಿ. ಹಗಲಿರಲಿ, ರಾತ್ರಿ ಇರಲಿ, ಸೀದಾ ವಿಜಯಪುರದ ದೊಡ್ಡ ದವಾಖಾನಿಗೆ ಹೋಗ್ರಿ."

ಉತ್ತರ ಸರಿಯಾಗಿತ್ತು. ಪೂರ್ತಿ ಅಂಕ ಕೊಟ್ಟು ಮನೆಗೆ ಬಂದೆ.

ಗುಳಿಗೆಯ ಚೀಟಿಯಲ್ಲಿ 'ಊಟದ ನಂತರ' ಎಂದಿತ್ತು. ದಶಮಿಗೆ ನಮ್ಮದು ಒಪ್ಪತ್ತು. ಆ ಊಟ ಮಧ್ಯಾಹ್ನವೇ ಮುಗಿದಿತ್ತು. ಮರುದಿನ ಏಕಾದಶಿ, ನೀರೂ ಇಲ್ಲ. ಊಟವೇ ಇಲ್ಲದ ಮೇಲೆ ಊಟದ ನಂತರ ಎಂಬುದು ಎಲ್ಲಿಂದ ಬರಬೇಕು? ವಿಜ್ಞಾನ ಶಿಕ್ಷಕನಾಗಿ ಕೂಲಂಕಷ ವಿಚಾರ ಮಾಡಿ, ಗುಳಿಗೆಗಳನ್ನು ದ್ವಾದಶಿಗೆ ಮುಂದೂಡಿದೆ. ಹಲ್ಲು ಕೀಳಿಸುವುದನ್ನೂ ಮುಂದೂಡಿದೆ. ಕಿತ್ತರೆ ರಕ್ತ ಬರುತ್ತದೆ, ರಕ್ತ ಗಂಟಲಿಗೆ ಇಳಿಯುತ್ತದೆ, ವ್ರತ ಕೆಡುತ್ತದೆ! ಮುಂಜಾನೆ ಡಾಕ್ಟರಿಗೆ ಫೋನು ಮಾಡಿ ಈ ತರ್ಕವನ್ನು ವಿವರಿಸಿದೆ.

"ಸರ್, ಕೀವಿಗೆ ಪಂಚಾಂಗ ಗೊತ್ತಿರೂದಿಲ್ರಿ" ಎಂದಳು. ಅಧಿಕಪ್ರಸಂಗ! ಎರಡು ಅಂಕ ಕಳೆದೆ.

ಪದ್ಮಾ ಗುಳಿಗೆ, ನೀರು ಹಿಡಿದು ಬಂದು ನಿಂತಳು. "ಔಷಧ ತಗೊಂಡ್ರ ಉಪವಾಸ ಮುರಿಯೂದಿಲ್ಲಂತ ಮಠದ ಆಚಾರ್ರೇ ಹೇಳ್ಯಾರ್ರಿ. ತಗೋರಿ."

"ಅವ್ರು ಅಶಕ್ತರಿಗೆ ಹೇಳ್ಯಾರ. ನಾ ಅಶಕ್ತ ಏನು?"

ಪಕ್ಕದ ಮನೆಯ ದಸ್ತಗೀರಸಾಬರು ಅರಿವೆ ಅಂಗಡಿಗೆ ಹೊರಟವರು ನನ್ನ ಗಲ್ಲ ಕಂಡು ಕಾರು ನಿಲ್ಲಿಸಿದರು.

"ಮಾಸ್ತರ, ನಮ್ಮ ರೋಜಾದಾಗೂ ಜಡ್ಡಾದವ್ರಿಗೆ ಮಾಫಿ ಐತ್ರಿ. ನಿಮ್ಮ ದೇವ್ರೇನು ಮಾಫ್ ಮಾಡಂಗಿಲ್ಲೇನು? ಹತ್ರಿ ಕಾರು, ದವಾಖಾನಿಗೆ ಬಿಡತೇನಿ."

"ಸಾಬ್ರ, ಒಂದ ದಿನದ್ದು ಏನದರಿ. ನಾಳೆ ನೋಡೋಣು" ಎಂದೆ. ಬಾಯಿ ಆಗಲೇ ಅರ್ಧ ಮಾತ್ರ ತೆರೆಯುತ್ತಿತ್ತು.

ಇಡೀ ದಿನ ಲವಂಗದೆಣ್ಣೆ ಹಚ್ಚಿದೆ. ಅದನ್ನು ನುಂಗದೆ ಉಗುಳಿದೆ, ವ್ರತ ಕಾಪಾಡಿಕೊಂಡೆ. ಸಾಲದ್ದಕ್ಕೆ ಉಪ್ಪು ಹುರಿದು ಗಂಟು ಕಟ್ಟಿ ಗಲ್ಲಕ್ಕೆ ಶಾಖ ಕೊಟ್ಟುಕೊಂಡೆ. ಊತಕ್ಕೆ ಶಾಖ ಬಹಳ ಹಿಡಿಸಿತೆಂದು ಕಾಣುತ್ತದೆ. ಮರುದಿನ ಬೆಳಗ್ಗೆ ಕನ್ನಡಿಯಲ್ಲಿ ನೋಡಿದರೆ ನನ್ನ ಗದ್ದಕ್ಕೂ ಕೊರಳಿಗೂ ನಡುವೆ ಇದ್ದ ಗಡಿ ಮಾಯವಾಗಿತ್ತು. ಪಾರಣೆಗೆ ಪದ್ಮಾ ಮಾಡಿದ ಅಡುಗೆಯ ಒಂದು ತುತ್ತೂ ಒಳಗೆ ಹೋಗಲಿಲ್ಲ. ಗುಳಿಗೆಯೂ ಹೋಗಲಿಲ್ಲ. ಹಲ್ಲು ಹಲ್ಲಿಗೆ ಕಚ್ಚಿಕೊಂಡು ದವಡೆ ಬೀಗ ಹಾಕಿಕೊಂಡಿತ್ತು. ಮೈ ಕಾದ ಹಂಚಾಗಿತ್ತು.

ಡಾಕ್ಟರು ಹೇಳಿದ ಲಕ್ಷಣಗಳು ಒಂದೂ ಬಿಡದೆ ಹಾಜರಿದ್ದವು. ಅದು ನನಗೆ ಚೆನ್ನಾಗಿ ಗೊತ್ತಾಯಿತು. ಆದರೆ ಬೀಗರು ದಾರಿಯಲ್ಲಿದ್ದರು! ಮಫ್ಲರ್ ಸುತ್ತಿಕೊಂಡು, "ಥಂಡಿ" ಎಂದು ಕೈಸನ್ನೆ ಮಾಡಿ, ಜಮಖಾನೆಯ ಮೇಲೆ ಕುಳಿತೆ. ಹೊರಗೆ ಬಿಸಿಲು ಸುಡುತ್ತಿತ್ತು.

ಬೈಠಕ್ಕಿನ ಯಜಮಾನಿಕೆ ಹುಡುಗನ ಕಾಕಾನದು. ಎತ್ತರದ ದನಿ, ಅಗಲ ಎದೆ. ಅತ್ತ ಇತ್ತ ಮಾತಾಡಿ, ನೇರ ವಿಷಯಕ್ಕೆ ಬಂದರು.

"ನೋಡ್ರಿ ಮಾಸ್ತರ, ನಮ್ಮ ಮನ್ಯಾಗ ಸೊಸಿಯಂದ್ರು ನೌಕರಿ ಮಾಡೂ ಪದ್ಧತಿ ಇಲ್ಲ. ಅಕ್ಷತಾ ಬಿದ್ದ ಮ್ಯಾಲೆ ಹುಡುಗಿ ರಾಜೀನಾಮಾ ಕೊಡಬೇಕು. ಏನಂತೀರಿ?"

ಸುಧಾ ನನ್ನತ್ತ ನೋಡಿದಳು. ಎಲ್ಲರೂ ನನ್ನತ್ತ ನೋಡಿದರು. ನನ್ನ ಜೀವನದ ಮಹತ್ತರ ಭಾಷಣಕ್ಕೆ ಸಕಲ ಸಿದ್ಧತೆಯೂ ಆಗಿತ್ತು. ಬಾಯಿ ಒಂದನ್ನು ಬಿಟ್ಟು! ಬಲವಾಗಿ ದವಡೆ ಎಳೆದೆ. ಕಿವಿಯಿಂದ ಎದೆಯವರೆಗೆ ನೋವು ಹರಿದು, ತಲೆ ತಾನಾಗಿಯೇ ಕೆಳಗೆ ಬಾಗಿತು. ಗಂಟಲಿನಿಂದ "ಹೂಂ" ಎಂಬ ನರಳಾಟ ಹೊರಬಂತು.

"ಆತು! ಮಾಸ್ತರ ಒಪ್ಪಿದ್ರು!" ಎಂದರು ಕಾಕಾ. "ತಗೊಂಬರ್ರಿ ಸಕ್ಕರಿ!"

ನಾನು ಕೈ ಆಡಿಸಿದೆ. ಸಂಕೋಚ ಎಂದುಕೊಂಡರು. ಚಿಟಿಕೆಯ ತುಂಬ ಸಕ್ಕರೆ ಹಿಡಿದು ನನ್ನ ಬಾಯಿಗೆ ತಂದರು. ಬಾಯಿ ತೆರೆಯಲಿಲ್ಲ. ಒತ್ತಿದರು. ಸಕ್ಕರೆ ಮೀಸೆಗೆ, ಮಫ್ಲರಿಗೆ, ಜಮಖಾನೆಗೆ ಹಂಚಿಹೋಯಿತು. ನಾಲಿಗೆಗೆ ಒಂದು ಹರಳೂ ಮುಟ್ಟಲಿಲ್ಲ. ಕಾಕಾನ ಮುಖ ಕೆಂಪೇರಿತು.

"ಏನ್ರಿ ಇದು? ಹೂಂ ಅಂತೀರಿ, ಸಕ್ಕರಿಗೆ ಬಾಯಿ ಮುಚ್ಚತೀರಿ! ಕರದು ಅವಮಾನ ಮಾಡ್ತೀರೇನು?"

ಡಾಕ್ಟರ ಎಚ್ಚರಿಕೆಯನ್ನು ನನ್ನ ಬಾಯಿಂದಲೇ ಕೇಳಿದ್ದ ಸುಧಾ ಎದ್ದು ಬಂದು ನನ್ನ ಮಫ್ಲರ್ ಎಳೆದಳು. "ಅಪ್ಪಾ, ಉಗುಳು ನುಂಗು."

ನುಂಗಲಾಗಲಿಲ್ಲ. ಅದು ಗದ್ದದ ಮೇಲೆ ಸಕ್ಕರೆ ಕರಗಿಸಿಕೊಂಡು ಇಳಿಯುತ್ತಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಹೆದರಿಕೆಯಾಯಿತು. ಇನ್ನು ಉಸಿರು ಬರುವುದಿಲ್ಲ ಎನ್ನಿಸಿತು.

"ಅವ್ವಾ, ದಸ್ತಗೀರ ಕಾಕಾಗ ಕಾರು ತೆಗೀಲಿಕ್ಕೆ ಹೇಳು. ವಿಜಯಪುರಕ್ಕ ಹೋಗಬೇಕು, ಈಗಿಂದೀಗ!"

"ಬೈಠಕ್ ನಡು ಬಿಟ್ಟು ಹುಡುಗಿ ಎದ್ದು ಹೋಗೂದಂದ್ರ?" ಎಂದರು ಹುಡುಗನ ಕಾಕಾ.

"ಬೈಠಕ್ ಇನ್ನೊಮ್ಮೆ ಮಾಡಬಹುದ್ರಿ. ಅಪ್ಪನ್ನ ಇನ್ನೊಮ್ಮೆ ತರಲಿಕ್ಕೆ ಆಗೂದಿಲ್ಲ."

ಹುಡುಗ ತನ್ನ ಚಪ್ಪಲಿಗಳನ್ನು ಹುಡುಕುವುದರಲ್ಲಿ ಮಗ್ನನಾಗಿದ್ದ.

ವಿಜಯಪುರದ ಡಾಕ್ಟರು ನನ್ನ ಕೊರಳು ಮುಟ್ಟಿ ನೋಡಿ, ನನ್ನೊಡನೆ ಮಾತೇ ಆಡದೆ ಸುಧಾಳಿಗೆ ಹೇಳಿದರು. "ಬಾವು ಉಸಿರಿನ ಹಾದಿ ಒತ್ತಲಿಕ್ಕತ್ತೇದ. ಸಂಜೀತನಕಾ ಕಾಯ್ದಿದ್ರ ಇವ್ರು ಉಳೀತಿದ್ದಿಲ್ಲ. ಹಲ್ಲುನೋವಂತ ಮನ್ಯಾಗ ಕೂಡೂ ಜಡ್ಡಲ್ಲ ಇದು." ಕೊರಳು ಕೊಯ್ದು ಕೀವು ಹರಿಸಿದರು. ಹಲ್ಲು ಕಿತ್ತರು. ಮೊದಲೇ ಕೀಳಿಸಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಈಗ ದಿನಗಟ್ಟಲೆ ಸಲಾಯಿನ್ ಬಾಟಲಿಯ ಕೆಳಗೆ ಮಲಗಿದೆ. ಕೊರಳಲ್ಲಿ ನಳಿಕೆ ಇತ್ತು. ವ್ರತದ ಪುಣ್ಯವೂ ಅದರ ಮೂಲಕವೇ ಹರಿದುಹೋಗಿರಬೇಕು.

ಕೊನೆಗೊಂದು ಮುಂಜಾನೆ ಡಾಕ್ಟರು "ಆ ಮಾಡ್ರಿ" ಎಂದರು. ಬಾಯಿ ಸಲೀಸಾಗಿ ತೆರೆಯಿತು. ಪದ್ಮಾ ಕಣ್ಣೊರೆಸಿಕೊಂಡಳು. ಸುಧಾ ರಜೆ ಹಾಕಿ ಅಷ್ಟೂ ದಿನ ನನ್ನ ಹಾಸಿಗೆಯ ಪಕ್ಕದಲ್ಲೇ ಇದ್ದವಳು, ಮೆತ್ತಗಿನ ಉಪ್ಪಿಟ್ಟು ತಂದು ಕೊಟ್ಟಳು. ನಾನು ಅವಳಿಗೆ ಹೇಳಿದೆ, "ಆವತ್ತು ಬಾಯಿ ತೆರೀಲಿಲ್ಲವ್ವಾ. ಇಲ್ಲಂದ್ರ ಆ ಮನಷ್ಯಾಗ ಖಡಾಖಡಿ ಹೇಳೇಬಿಡ್ತಿದ್ದೆ!"

ಅಷ್ಟರಲ್ಲಿ ಫೋನು ಬಂತು. ಮುದ್ದೇಬಿಹಾಳದ ಕಾಕಾ! ಸುಧಾ ಸ್ಪೀಕರ್ ಹಚ್ಚಿ ನನ್ನ ಮುಂದೆ ಹಿಡಿದಳು.

"ಮಾಸ್ತರ, ಆರಾಮಾದ್ರೇನು? ಆದದ್ದು ಆತು, ಬಿಡ್ರಿ. ನೀವು ಆವತ್ತು ಹೂಂ ಅಂದಿದ್ರಿ. ಹುಡುಗಿ ನೌಕರಿ ಬಿಡೂದು ಖರೇ ಹೌದಲ್ಲೋ?"

ದವಡೆ ಸಡಿಲವಾಗಿತ್ತು. ನೋವು ಇರಲಿಲ್ಲ. ನಾಲಿಗೆ ಹೊರಳುತ್ತಿತ್ತು. ಸುಧಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅದೇನ್ ದೊಡ್ಡ ಮಾತಲ್ಲ ತಗೋರಿ" ಎಂದೆ ನಾನು. "ಮುಂದ ಕೂತು ನೋಡೋಣಂತ."

ಸುಧಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. "ಕಾಕಾ, ನಾ ಸುಧಾ ಮಾತಾಡೂದು. ನಾ ನೌಕರಿ ಬಿಡೂದಿಲ್ರಿ. ಈ ಸಂಬಂಧ ಬ್ಯಾಡ. ನಮಸ್ಕಾರ."

ಫೋನು ಕಿಟಕಿಯಲ್ಲಿಟ್ಟು, ನನ್ನ ಕೈಯಲ್ಲಿ ಚಮಚ ಕೊಟ್ಟಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಆರಿ ಹೋಗ್ತದ, ತಿನ್ನು ಅಪ್ಪಾ" ಎಂದಳು.

ಆ ಕೆಲಸಕ್ಕೆ ಮಾತ್ರ ನನ್ನ ಬಾಯಿ ತಕ್ಷಣ ತೆರೆಯಿತು.