ನನ್ನ ತಮ್ಮನ ಎರಡನೇ ದಾರಿ

ನನ್ನ ತಮ್ಮನಿಗೆ ಒಂದು ಎಂಬ ಲೆಕ್ಕವೇ ಬರುವುದಿಲ್ಲ. ಪಂಚೆಯನ್ನು ಉಡಿದಾರಕ್ಕೆ ಸಿಕ್ಕಿಸಿ, ಅದರ ಮೇಲೆ ಬೆಲ್ಟನ್ನೂ ಬಿಗಿಯುತ್ತಾನೆ! ಬಸ್ಸಿನಲ್ಲಿ ಸೀಟು ಹಿಡಿದು ಕೂತ ಮೇಲೂ, ಪಕ್ಕದಲ್ಲಿ ನಿಂತ ಇನ್ನೊಂದು ಬಸ್ಸಿನವನನ್ನು "ನಿಮ್ದು ಎಷ್ಟೊತ್ಗೆ ಬುಟ್ಟದು ಸಾ?" ಎಂದು ವಿಚಾರಿಸುತ್ತಾನೆ. ತನ್ನ ಮದುವೆಗೆ ಇಬ್ಬರು ಪುರೋಹಿತರಿಗೆ ಹೇಳಿದ್ದ. ಇಬ್ಬರೂ ಬಂದರು. ತಾಳಿ ಕಟ್ಟುವವರೆಗೂ ಜಗಳವಾಡಿದರು. ಪುಣ್ಯಕ್ಕೆ ಹೆಣ್ಣು ಒಬ್ಬಳೇ!

ಇಂಥವನು ನರಸೀಪುರದ ಬಸ್‌ಸ್ಟ್ಯಾಂಡ್ ಹತ್ತಿರ ಇಂಟರ್ನೆಟ್ ಅಂಗಡಿ ಇಟ್ಟರೆ ಏನಾಗಬೇಕು? ಒಂದು ಲೈನ್ ಸಾಲದೆಂದು ಬೇರೆ ಕಂಪನಿಯಿಂದ ಇನ್ನೊಂದು ಹಾಕಿಸಿದ.

"ಒಂದು ಸತ್ರೆ ಇನ್ನೊಂದು ಅದೆಯಲ್ಲಕ್ಕ."

"ಎರಡೂ ಸತ್ರೆ?"

"ಅದೆಂಗ್ ಸತ್ತದು? ಬ್ಯಾರೆ ಬ್ಯಾರೆ ಕಂಪ್ನಿ ಕಣಕ್ಕ!"

ನಾನು ಓದಿದವಳಲ್ಲ. ಇರಬಹುದು ಎಂದುಕೊಂಡೆ.

ಆ ವರ್ಷ ನನ್ನ ಹೊಟ್ಟೆಯಲ್ಲೊಂದು ಗಂಟು ಎದ್ದಿತ್ತು. ಮೈಸೂರಿನ ಡಾಕ್ಟರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟ ಗಂಟೋ ಅಲ್ಲವೋ ಎಂಬುದನ್ನು ತಮ್ಮನ ಅಂಗಡಿಗೇ ಇಮೇಲ್ ಮಾಡುತ್ತೇವೆ ಎಂದಿದ್ದರು. ಅದು ಬರುವ ದಿನವೇ ನೀರಿನ ಪೈಪಿಗೆಂದು ರಸ್ತೆ ಅಗೆದರು. ಮೊದಲ ಲೈನ್ ಸತ್ತಿತು. ತಮ್ಮ ಮೀಸೆ ತಿರುವಿ ಎರಡನೆಯದಕ್ಕೆ ಬದಲಿಸಿದ. ಅದೂ ಸತ್ತಿತ್ತು! ಓಡಿಹೋಗಿ ಗುಂಡಿ ನೋಡಿದರೆ, ಎರಡೂ ಕಂಪನಿಯವರು ಒಂದೇ ಕಾಲುವೆ ತೋಡಿ, ಎರಡೂ ತಂತಿಗಳನ್ನು ಒಂದೇ ಚಾಪೆಯ ಮೇಲೆ ಮಲಗಿಸಿದ ಹಾಗೆ ಮಲಗಿಸಿದ್ದರು!

"ಎರಡು ಕೊಡ ತಂದು ಒಂದೇ ಬಾವಿ ಅಗ್ಗಕ್ಕೆ ಕಟ್ಟಿದ್ದೀಯಲ್ಲೋ ಬುದ್ವಂತ!" ಎಂದೆ.

ಅವನು ನಗಲಿಲ್ಲ. ಸ್ಕೂಟರ್ ಹತ್ತಿ ನಂಜನಗೂಡಿಗೆ ಹೊರಟ. ಅಲ್ಲಿ ಗೆಳೆಯನ ಅಂಗಡಿಗೆ ಲೈನ್ ಬರುವುದು ಬೇರೆ ದಿಕ್ಕಿನಿಂದಂತೆ. ನಾನು ಹಿಟ್ಟು ಬೇಯಿಸಿ, ಮುದ್ದೆ ಕಟ್ಟಿ ಕಾದೆ. ಹೊತ್ತು ಇಳಿಯುವಾಗ ಬಂದ. ಕೈಯಲ್ಲಿ ಒಂದೇ ಕಾಗದದ ಎರಡು ಪ್ರತಿ!

"ಏನಂತ್ಲಾ?"

"ಕೆಟ್ಟದ್ದಲ್ವಂತೆ ಕಣಕ್ಕ."

"ಸದ್ಯ! ಎಲ್ಲಾದಕ್ಕೂ ಎರಡು ಮಡಗೋನು ನೀನು. ನಂಗೂ ಬದ್ಲಿ ಅಕ್ಕನ್ನ ನೋಡಿ ಮಡಗಿದ್ದೀಯೇನೋ ಅಂದ್ಕೊಂಡೆ!"

ಅವನು ಚಪ್ಪಲಿಯನ್ನೂ ಬಿಡದೆ, ಕೂರಬಾರದ ಹೊಸಿಲ ಮೇಲೆ ಕೂತುಬಿಟ್ಟ.

"ಅದೊಂದಕ್ಕೆ ಬ್ಯಾರೆ ದಾರಿ ಇಲ್ಲ ಕಣಕ್ಕ" ಎಂದ. ಮುಖ ಬೀದಿಯ ಕಡೆಗಿತ್ತು.

"ಎದ್ದು ಕೈ ತೊಳ್ಕೊ ಓಗು" ಎಂದೆ. ಒಂದೇ ಮುದ್ದೆ ಉಣ್ಣುವವನ ತಟ್ಟೆಗೆ ಎರಡು ಹಾಕಿದೆ.