ಹೊಳೆಯುವ ಡಬ್ಬಿಯ ಮೇಲೆ ಆರತಿ ತಟ್ಟೆ

ಸಂಜೆ ಏಳು ಗಂಟೆ ಹನ್ನೆರಡು ನಿಮಿಷ. ಕಾಲೇಜಿಗೆ ಹೊರಟಾಗ ಅಪ್ಪ ಕೊಡಿಸಿದ ನನ್ನ ಕೈಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ. ಆದ್ದರಿಂದ ಏಳು ಗಂಟೆ ಎಂಟು ನಿಮಿಷ ಎಂದು ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಆ ಹೊತ್ತಿಗೆ ನನ್ನ ನಿದ್ದೆ ಕೆಟ್ಟಿತು ಎಂಬುದರಲ್ಲಿ ವಾದವಿಲ್ಲ. ಜನರ ನಿದ್ದೆ ಕೆಡುವುದು ರಾತ್ರಿ. ನನ್ನದು ದೀಪ ಹಚ್ಚುವ ಹೊತ್ತಿಗೇ, ಉಮರ್ಗಾದ ಒಂದು ಶೇಂಗಾ ಗೋದಾಮಿನಲ್ಲಿ, ಇನ್ನೂರು ಜನರ ನಡುವೆ ನಿಂತಿದ್ದಾಗ ಕೆಟ್ಟಿತು.

ನನಗೆ ಸಿನಿಮಾದ ಹುಚ್ಚು. ಹೈದರಾಬಾದಿನಲ್ಲಿ ಕಾಲೇಜು ಕಲಿಯುವಾಗ ಹಿಡಿದದ್ದು. ಪದವಿ ಪಡೆದು ಊರಿಗೆ ಬಂದು ಮಾಸ್ತರನಾದ ಮೇಲೂ ಬಿಡಲಿಲ್ಲ. ಉಮರ್ಗಾದಲ್ಲಿ ಟಾಕೀಸು ಇರಲಿಲ್ಲ. ಸಿನಿಮಾ ನೋಡಬೇಕಾದರೆ ಬಸ್ಸಿನಲ್ಲಿ ಮೈಯೆಲ್ಲ ಕುಲುಕಿಸಿಕೊಂಡು ಸೊಲ್ಲಾಪುರಕ್ಕೆ ಹೋಗಬೇಕು. ಆದ್ದರಿಂದ ನಾವು ನಾಲ್ಕು ಜನ ಮಾಸ್ತರರು ಸೇರಿ ಚಿತ್ರಪ್ರೇಮಿಗಳ ಮಂಡಳಿ ಕಟ್ಟಿದೆವು. ಬಾಡಿಗೆಗೆ ಒಂದು ಯಂತ್ರ, ಅದರ ಜೊತೆಗೆ ಅದನ್ನು ನಡೆಸುವ ಮದಾರಸಾಬ, ಮೂರು ಚಿತ್ರ, ಮೂರು ಊರು: ಉಮರ್ಗಾ, ನಿಲಂಗಾ, ಉದಗೀರ. ಅದಕ್ಕೆ ನಾವು ‘ಚಿತ್ರೋತ್ಸವ’ ಎಂದು ಹೆಸರಿಟ್ಟೆವು. ಹೆಸರಿಡುವುದರಲ್ಲಿ ನಾವು ಮಾಸ್ತರರು ಎಂದೂ ಹಿಂದೆ ಬಿದ್ದವರಲ್ಲ.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳಿಕೆ ಹೋಗಿ ಇನ್ನೂ ಕೆಲವೇ ವರ್ಷ. ಓಣಿಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಮೊದಲು ಬಾಗಿಲು ಹಾಕಿ, ಆಮೇಲೆ ಏನೆಂದು ಕೇಳುವ ರೂಢಿ ಜನರನ್ನು ಬಿಟ್ಟಿರಲಿಲ್ಲ. ಅಂಥವರು ಆ ಸಂಜೆ ಒಂದೇ ಗೋದಾಮಿನಲ್ಲಿ, ಗೌಡರ ಓಣಿಯವರೂ ಮಸೀದಿ ಓಣಿಯವರೂ, ಗೋಣಿ ಹಾಸಿಕೊಂಡು ತೊಡೆಗೆ ತೊಡೆ ತಾಗಿಸಿ ಕೂತಿದ್ದರು. ಕತ್ತಲೆಯಲ್ಲಿ ಒಟ್ಟಿಗೆ ಕೂಡುವ ಧೈರ್ಯ ಅವರಿಗೆ ಮರಳಿ ಬಂದಿತ್ತು. ನಾನೇ ತಂದುಕೊಟ್ಟೆನೆಂದು ನನಗೆ ಒಳಗೊಳಗೇ ಹೆಮ್ಮೆ. ಗೋದಾಮಿಗೆ ಇದ್ದದ್ದು ಒಂದೇ ಬಾಗಿಲು. ಈ ಬಾಗಿಲನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಮರೆತೇ ಇಲ್ಲ.

ನಮ್ಮ ಕಡೆ ಹೊಸದೇನು ಬಂದರೂ, ಬಾವಿಯಾಗಲಿ ಬಂಡಿಯಾಗಲಿ ಹಿಟ್ಟಿನ ಗಿರಣಿಯಾಗಲಿ, ಮನೆಯ ಅಯ್ಯನವರು ಬಂದು ಪೂಜೆ ಮಾಡದೆ ಅದು ತಿರುಗುವುದಿಲ್ಲ. ಸಿನಿಮಾ ಯಂತ್ರಕ್ಕೆ ಬೇಡ ಎಂದು ನಾನು ಸಣ್ಣಗೆ ಹೇಳಿದ್ದೆ. ಅವ್ವ ಸೆರಗು ಸಿಕ್ಕಿಸಿಕೊಂಡು ನಿಂತಳು.

“ಲೇ ತಮ್ಮಾ, ಗಿರಣಿ ಹಿಟ್ಟು ಬೀಸತದ, ಅದಕ್ಕ ಪೂಜಾ ಆಗೇದ. ಇದು ಮನಷ್ಯಾರನ್ನ ಬಿಳೀ ಅರಿವ್ಯಾಗ ಕುಣಸತದ ಅಂತಿ. ಇದಕ್ಕ ಬ್ಯಾಡೇನು?”

ಪದವೀಧರನಾದ ನಾನೇ ಹೋಗಿ ಅಯ್ಯನವರಿಗೆ ಹೇಳಿ ಬಂದೆ.

ಅಯ್ಯನವರು ಬಂದರು. ಮೊದಲು ಪರದೆಗೆ ಪೂಜೆ. ವಿಭೂತಿಯನ್ನು ನೀರಿನಲ್ಲಿ ಕಲಸಿ, ಬಿಳಿಯ ಪರದೆಯ ನಟ್ಟನಡುವೆ, ಕೈ ಎಟಕುವಷ್ಟು ಎತ್ತರದಲ್ಲಿ, ಮೂರು ಬೆರಳು ಎಳೆದರು. ಒದ್ದೆ ಬಟ್ಟೆಯ ಮೇಲೆ ಮೊಳದುದ್ದದ ಮೂರು ಬೂದು ಪಟ್ಟೆ. ಅದರ ಫಲ ಆಮೇಲೆ ಕಂಡಿತು: ಆ ರಾತ್ರಿ ಪರದೆಯ ಮೇಲೆ ಯಾವ ಮುಖ ದೊಡ್ಡದಾಗಿ ಬಂದರೂ ಹಣೆಯ ಮೇಲೆ ವಿಭೂತಿ. ನಾಯಕನಿಗೆ, ನಾಯಕಿಗೆ, ಕೊನೆಗೆ ಅವಳನ್ನು ಎಳೆದುಕೊಂಡು ಹೋಗುವ ದುಷ್ಟನಿಗೂ. “ಎಲ್ಲಾರೂ ನಮ್ಮ ಪೈಕೀನೇ ಕಾಣತಾರಲ್ರೀ” ಎಂದು ಗೌಡರೊಬ್ಬರು ಸಂತೋಷಪಟ್ಟರೆ, ಅವ್ವನಿಗೆ ಮಾತ್ರ ಸಂಕಟ. “ಹಣೀ ತುಂಬ ಇಬತ್ತಿ ಹಚ್ಚಕೊಂಡು ಇಂಥಾ ಕೆಲಸಾ ಮಾಡತಾನಲ್ಲ, ಯಾ ಮಠದಾಂವ ಇಂವಾ?”

ನಾನು ದಾರಿ ತಪ್ಪಿದೆ. ಏಳು ಹನ್ನೆರಡಕ್ಕೆ ಬರುತ್ತೇನೆ.

ಆಗ ಯಂತ್ರಕ್ಕೆ ಪೂಜೆ ಮುಗಿದಿತ್ತು. ಮದಾರಸಾಬ ಆಯಿಲ್ ಇಂಜಿನ್ ಚಾಲೂ ಮಾಡಲು ಹೊರಗೆ ಹೋಗಿದ್ದ. ಅಯ್ಯನವರು ಕರ್ಪೂರದ ಆರತಿ ಬೆಳಗಿ, ಉರಿಯುವ ತಟ್ಟೆ ಹಿಡಿದು ಸುತ್ತ ನೋಡಿದರು. ಆರತಿಯನ್ನು ನೆಲಕ್ಕೆ ಇಡುವಂತಿಲ್ಲ. ಶುದ್ಧವಾದ, ಎತ್ತರದ ಜಾಗ ಬೇಕು. ಇಡೀ ಗೋದಾಮಿನಲ್ಲಿ ಶುದ್ಧವಾಗಿ ಕಂಡದ್ದು ಒಂದೇ: ಯಂತ್ರದ ಪಕ್ಕದಲ್ಲಿ, ತಿಕ್ಕಿ ಬೆಳಗಿದ ಒಂದು ದೊಡ್ಡ ತವರದ ಡಬ್ಬಿ. ಅಯ್ಯನವರು “ಶಿವಾ” ಎಂದು ಉರಿಯುವ ತಟ್ಟೆಯನ್ನು ಅದರ ಮೇಲೆ ಇಟ್ಟರು.

ಡಬ್ಬಿಯೊಳಗೆ ರೀಲು!

ಆ ಕಾಲದ ರೀಲು ಎಂದರೆ ಏನು ಎಂದು ಆ ಇನ್ನೂರು ಜನರಲ್ಲಿ ತಿಳಿದವನು ನಾನೊಬ್ಬನೇ. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಗುರುಗಳು ಬೆರಳುದ್ದದ ಒಂದು ತುಂಡಿಗೆ ಬೆಂಕಿ ಹಚ್ಚಿ ನೀರಿನ ಜಾಡಿಯಲ್ಲಿ ಮುಳುಗಿಸಿದ್ದರು. ಅದು ನೀರಿನೊಳಗೂ ಉರಿಯಿತು. ಬೆರಳುದ್ದಕ್ಕೆ ಹೀಗಾದರೆ ಡಬ್ಬಿ ತುಂಬ ಇದ್ದದ್ದಕ್ಕೆ ಎಷ್ಟು? ತ್ರೈರಾಶಿ ಲೆಕ್ಕ ತಲೆಯಲ್ಲಿ ತಾನಾಗಿಯೇ ನಡೆಯಿತು. ಕಲಿತವರ ಕಷ್ಟವೇ ಇದು. ಕಾಲು ನಿಂತಲ್ಲೇ ನಿಂತು ತಲೆ ಓಡುತ್ತದೆ.

“ಬೆಂಕಿ” ಎಂದು ಕೂಗಲೇ? ಒಂದೇ ಬಾಗಿಲು. ಆ ವರ್ಷಗಳಲ್ಲಿ ನಮ್ಮ ಜನ ಒಂದು ಕೂಗಿಗೆ ಹೇಗೆ ಓಡುತ್ತಿದ್ದರೆಂದು ನಾನು ಕಂಡವನು. ಊದಿ ಆರಿಸಲೇ? ಆರತಿಯನ್ನು ಬಾಯಿಂದ ಊದುವುದು ಹೆಣದ ಮನೆಯಲ್ಲೂ ಮಾಡದ ಅಶುಭ; ಎದುರಿಗೆ ಅವ್ವ, ಅಯ್ಯನವರು. ನಾನು ತಟ್ಟೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಬಾಗಿಲ ಕಡೆಗೆ ಓಡಿದೆ.

ಓಡಿದೆ ಎಂದುಕೊಂಡೆ. ನಮ್ಮ ಜನರ ನಡುವೆ ಆರತಿ ಹಿಡಿದು ಓಡಲು ಸಾಧ್ಯವೇ? ಮೊದಲ ಸಾಲಿನ ಮುದುಕಿ ನನ್ನ ಧೋತರ ಹಿಡಿದಳು. “ತಡಿಯೋ ಮಾಸ್ತರಾ, ನಮಗ ಕೊಡದ ಎಲ್ಲಿ ಒಯ್ಯತಿ?” ಅವಳು ಕೈ ಚಾಚಿ ಕಣ್ಣಿಗೆ ಒತ್ತಿಕೊಂಡಳು. ಪಕ್ಕದವಳು, ಅವಳ ಪಕ್ಕದವಳು. “ಸಾವಕಾಶರೀ, ಎಲ್ಲಾರಿಗೂ ಸಿಗತದ.” ಹಿಂದಿನ ಸಾಲಿನವರು ಎದ್ದು ನಿಂತರು. ಮಸೀದಿ ಓಣಿಯವರು ಮರ್ಯಾದೆಗೆಂದು ಎದ್ದು ದಾರಿ ಬಿಡಲು ಹೋಗಿ ಇದ್ದ ದಾರಿಯನ್ನೂ ಮುಚ್ಚಿದರು. ಅಯ್ಯನವರು ಹಿಂದೆಯೇ ಬಂದು ತಟ್ಟೆಗೆ ಮತ್ತೆರಡು ಬಿಲ್ಲೆ ಕರ್ಪೂರ ಹಾಕಿದರು. ಬೇಕೆಂದವರೆಲ್ಲ ಆರತಿ ತೆಗೆದುಕೊಳ್ಳುವ ತನಕ ನಾನು ಸುಡುವ ತಟ್ಟೆ ಹಿಡಿದು, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು ಸಾಲು ಸಾಲು ಸುತ್ತಿದೆ.

“ನೋಡ್ರೆವ್ವಾ, ನನ ಮಗ ಕಲತು ಕೆಟ್ಟಾನ ಅಂತಿದ್ರಿ” ಎಂದು ಅವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. “ಆರತಿ ಹಿಡದು ಅಳಾಕತ್ತಾನ!”

ಕೊನೆಗೂ ತಟ್ಟೆಯನ್ನು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಇಟ್ಟು ಒಳಗೆ ಬಂದೆ. ಹತ್ತು ಬೆರಳಲ್ಲಿ ಎಂಟು ಬೊಬ್ಬೆ. ಡಬ್ಬಿಯಿಂದ ದೂರ, ಯಂತ್ರದ ಹಿಂದೆ ಹಸಿ ಗೋಣಿ ಹೊದಿಸಿದ, ಗುಜರಿಯಂತಿದ್ದ ಒಂದು ಪೆಟ್ಟಿಗೆ ಬಿದ್ದಿತ್ತು. ಅದರ ಮೇಲೆ ಕುಸಿದು, ಧೈರ್ಯಕ್ಕೆಂದು ಒಂದು ಸಿಗರೇಟು ಹಚ್ಚಿದೆ. ಒಂದು ಜುರುಕಿ ಎಳೆದಿದ್ದೆನೋ ಇಲ್ಲವೋ, ಇಂಜಿನ್ ಚಾಲೂ ಮಾಡಿ ಬಂದ ಮದಾರಸಾಬ ಅದನ್ನು ನನ್ನ ಬಾಯಿಂದಲೇ ಕಿತ್ತು, ಹೊರಗೆ ಒಯ್ದು, ಕಾಲಿನಲ್ಲಿ ಹೊಸಕಿ ಹಾಕಿದ. ತಿರುಗಿ ಬಂದು ಯಂತ್ರದ ಕೆಲಸಕ್ಕೆ ಹತ್ತಿದ. ಇನ್ನೂರು ಪ್ರಾಣ ಉಳಿಸಿದವನಿಗೆ ಇಂಥ ಅವಮರ್ಯಾದೆ! ನಾನು ಅವನೊಡನೆ ಮಾತು ಬಿಟ್ಟೆ.

ಅಂದಿನಿಂದ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಡಬ್ಬಿ, ತಟ್ಟೆ, ಬಾಗಿಲು, ಮತ್ತೆ ಡಬ್ಬಿ. ನಡೆದದ್ದನ್ನು ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಅಯ್ಯನವರಿಗೆ ಅವಮಾನ, ಅವ್ವನಿಗೆ ಆಘಾತ. ಜನ ಮತ್ತೆ ತಮ್ಮ ತಮ್ಮ ಓಣಿ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ, ಚಿತ್ರೋತ್ಸವ ಅಲ್ಲಿಗೆ ಮುಗಿಯುತ್ತದೆ. ನಿಲಂಗಾದಲ್ಲಿ ಆಟ ನಡೆಯುವಷ್ಟು ಹೊತ್ತೂ ನಾನು, ಉಳಿದ ಚಿತ್ರದ ರೀಲು ಅದರಲ್ಲೇ ಇದೆ ಎಂದು, ಆ ತವರದ ಡಬ್ಬಿಯನ್ನು ಅಪ್ಪಿಕೊಂಡು, ಪರದೆಗೆ ಬೆನ್ನು ಮಾಡಿ ಕೂತೆ. ನಾಯಕಿ ಬಹಳ ಚೆಲುವೆಯಂತೆ; ನಾನು ಕಂಡದ್ದು ಅವಳನ್ನು ನೋಡುವವರ ಬಾಯಿ ಮಾತ್ರ. ಅರ್ಧ ರಾತ್ರಿ ನಾನು ಎದ್ದು ಕೂಡುವುದನ್ನು ಕಂಡು ಅವ್ವ, “ಆರತಿ ಹಿಡದಾಗಿಂದ ಇವಗ ಶಿವನ ಗುಂಗು ಹತ್ತೇದ” ಎಂದು ಅಯ್ಯನವರಿಂದ ತಾಯಿತ ಕಟ್ಟಿಸಿದಳು. ಭಯಕ್ಕೆ ಕಾರಣರಾದವರ ಕೈಯಿಂದಲೇ ತಾಯಿತ!

ಹನ್ನೊಂದನೆಯ ದಿನ ಉದಗೀರಿಗೆ ಬಂದೆವು. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದ್ದುದರಿಂದ ಅವ್ವನೂ ಜೊತೆಗೆ ಬಂದಿದ್ದಳು. ಮಧ್ಯಾಹ್ನ ಪರದೆ ಕಟ್ಟುವಾಗ ನನಗೆ ತಡೆಯಲಿಲ್ಲ. ಮಾತು ಬಿಟ್ಟದ್ದನ್ನೂ ಮರೆತು ಮದಾರಸಾಬನ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಅವನು ಬೇವಿನ ನೆರಳಿನಲ್ಲಿ ಕೂತು ಕೇಳಿದ. ಕೇಳುತ್ತಲೇ ತವರದ ಡಬ್ಬಿಯನ್ನು ಮುಂದೆ ಎಳೆದು ಮುಚ್ಚಳ ತೆಗೆದ. ಒಳಗೆ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ, ಮಡಿಚಿಟ್ಟ ಲುಂಗಿ.

“ಇದ್ರಾಗ ರೀಲು ಎಲ್ಲಿಂದ ಬರಬೇಕು ಮಾಸ್ತರಸಾಬ? ಇದು ನಂದು ಬುತ್ತಿ.”

“ಮತ್ತ ರೀಲು?”

ಅವನು ರೊಟ್ಟಿ ಮುರಿಯುತ್ತ, ಹಸಿ ಗೋಣಿ ಹೊದಿಸಿದ ಪೆಟ್ಟಿಗೆಯ ಕಡೆಗೆ ಗದ್ದ ತೋರಿಸಿದ. “ಆವತ್ತ ಅದರ ಮ್ಯಾಲೇ ಕುಂತಿದ್ರಲ್ಲ, ಸಿಗರೇಟ ಹಚ್ಚಕೊಂಡು. ಖುದಾನ ಆಣಿ, ನನಗ ಅವತ್ತಿಂದ ನಿದ್ದಿ ಇಲ್ಲ. ಕಣ್ಣ ಮುಚ್ಚಿದ್ರ ನಿಮ್ಮ ಮಾರೀನೇ ಬರತದ.”

ನಾನು ಪೆಟ್ಟಿಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. “ಅಯ್ಯನವರು ಆ ಪೆಟ್ಟಿಗಿ ಮ್ಯಾಲ ತಟ್ಟಿ ಇಟ್ಟಿದ್ರ?”

“ಇಡಂಗಿಲ್ಲ. ನಾ ಹತ್ತ ವರ್ಷದಿಂದ ಊರೂರು ನೋಡೀನಿ. ಪೂಜಾ ಮಾಡೋರು ಹೊಳಿಯೋದರ ಮ್ಯಾಲೇ ಇಡತಾರ. ಅದಕ್ಕ ಬುತ್ತಿ ಡಬ್ಬಿ ತಿಕ್ಕಿ ಮುಂದ ಇಡತೀನಿ.” ಅವನು ಉಳ್ಳಾಗಡ್ಡಿಯನ್ನು ಗುದ್ದಿ ಒಡೆದ. “ಕಲತವರು ಎಲ್ಲಿ ಕುಂಡರತಾರ ಅಂಬೋದೇ ಗೊತ್ತಾಗಂಗಿಲ್ಲ ನೋಡ್ರಿ.”

ನಾನು ಜೇಬಿನಿಂದ ಸಿಗರೇಟನ್ನೂ ಬೆಂಕಿಪೊಟ್ಟಣವನ್ನೂ ತೆಗೆದು ಅವನ ಮುಂದೆ ಇಟ್ಟೆ. ಅವನು ಸಿಗರೇಟು ತಿರುಗಿ ಕೊಟ್ಟು, ಬೆಂಕಿಪೊಟ್ಟಣವನ್ನು ಮಾತ್ರ ರೊಟ್ಟಿಯ ಜೊತೆ ಡಬ್ಬಿಗೆ ಹಾಕಿ ಮುಚ್ಚಿದ.

ಆ ಸಂಜೆ ನಾನು ಮೊದಲ ಬಾರಿಗೆ ಜನರ ನಡುವೆ, ಅವ್ವನ ಪಕ್ಕದಲ್ಲಿ, ಪರದೆಗೆ ಮುಖ ಮಾಡಿ ಕೂತೆ. ಹೊರಡುವ ಮುಂಚೆ ಪರದೆಯನ್ನು ಒಗೆಸಿದ್ದರೂ ಅಯ್ಯನವರ ಪಟ್ಟೆ ಪೂರ್ತಿ ಹೋಗಿರಲಿಲ್ಲ. ನಾಯಕ ವಿಭೂತಿ ಧರಿಸಿ ಕುದುರೆ ಏರಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಚಿಕ್ಕಮ್ಮನ ಮನೆಯ ಪಡಸಾಲೆ, ಮುಖದ ಮೇಲೆ ಬಿಸಿಲು. ನನ್ನನ್ನು ನಾಲ್ಕು ಜನ ಹೊತ್ತು ತಂದರಂತೆ. ಚಿತ್ರ ಬಹಳ ಚೆನ್ನಾಗಿತ್ತಂತೆ. ನನ್ನ ಗೊರಕೆಯಲ್ಲಿ ಹಾಡು ಸರಿಯಾಗಿ ಕೇಳಿಸಲಿಲ್ಲ ಎಂಬುದೊಂದೇ ಉದಗೀರಿನವರ ದೂರು.

“ತಾಯಿತ ಕೆಲಸಾ ಮಾಡ್ತು ನೋಡು” ಎಂದಳು ಅವ್ವ.

ಆ ರಾತ್ರಿ ಮದಾರಸಾಬನೂ ಬೆಳಗಿನ ತನಕ ಗಡದ್ದಾಗಿ ಮಲಗಿದನಂತೆ. ಅವನು ತಾಯಿತ ಕಟ್ಟಿಕೊಂಡಿರಲಿಲ್ಲ. ನನ್ನ ಬೆಂಕಿಪೊಟ್ಟಣವಿದ್ದ ಡಬ್ಬಿಯನ್ನು ತಲೆದಿಂಬು ಮಾಡಿಕೊಂಡಿದ್ದ.